ಹಾಡದ ಜೀರುಂಡೆಯ ಲೆಕ್ಕ

೧೯೫೮ನೆಯ ಇಸವಿ ಫೆಬ್ರವರಿ ೧೬, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮೈಸೂರಿನ ಯಾದವಗಿರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ಖಾಲಿ ನಿವೇಶನವಿತ್ತು. ಬಟ್ಟೆ ಒಗೆಯಲು ಆಗುವಂಥ ಕಲ್ಲು ಹುಡುಕುತ್ತ ಅಲ್ಲಿ ಒಂದು ಚಪ್ಪಡಿಯ ಅಂಚು ಎತ್ತಿದೆ. ಅಡಿಯಲ್ಲಿ ನಾಲ್ಕು ಕಪ್ಪು ಹುಳಗಳಿದ್ದವು. ಮೂರು ಓಡಿಹೋದವು. ನಾಲ್ಕನೆಯದು ಆರೂ ಕಾಲು ಮಡಚಿಕೊಂಡು ಅಂಗಾತ ಬಿದ್ದು ಸತ್ತಿತು. ನನ್ನಿಂದ ಸತ್ತಿತಲ್ಲ ಎಂದು ಅದನ್ನು ಒಂದು ಒಣ ಎಲೆಯ ಮೇಲಿಟ್ಟು ಕಲ್ಲು ಉರುಳಿಸಲು ಹೋದೆ. ತಿರುಗಿ ನೋಡುವಷ್ಟರಲ್ಲಿ ಸತ್ತದ್ದು ಎದ್ದು ನಡೆಯುತ್ತಿತ್ತು.

ಮೋಸಹೋಗುವುದು ನನಗೆ ಆಗದು. ಮತ್ತೆ ಹಿಡಿದೆ, ಮತ್ತೆ ಸತ್ತಿತು. ಈ ಸಲ ಒಳಗಿನಿಂದ ಅಪ್ಪನ ಗಡಿಯಾರ ತಂದು ಪಕ್ಕದಲ್ಲಿ ಕೂತೆ. ಸರಿಯಾಗಿ ಮೂರು ನಿಮಿಷ ಹತ್ತು ಸೆಕೆಂಡಾದಾಗ, ಮೊದಲು ಮೀಸೆ ಅಲ್ಲಾಡಿತು, ಆಮೇಲೆ ಒಂದು ಮುಂಗಾಲು, ಆಮೇಲೆ ಉಳಿದದ್ದು. ಆ ದಿನ ಬಟ್ಟೆ ಒಗೆಯಲಿಲ್ಲ.

ಆಗ ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ೧೯೪೭ರಲ್ಲಿ, ಎಂಟು ವರ್ಷದವಳಿದ್ದಾಗಿನಿಂದ, ದಿನಚರಿ ಬರೆಯುತ್ತಿದ್ದೇನೆ: ಹಾಲು ಬಂದ ಹೊತ್ತು, ರೈಲು ತಡವಾದ ನಿಮಿಷ, "ಇನ್ನೊಂದ್ಸಲ ಹೇಳಲ್ಲ" ಎಂದು ಅಮ್ಮ ಹೇಳಿದ ಸಲಗಳು. ಹಾಗಾಗಿ ಹುಳಗಳಿಗೂ ಒಂದು ನೋಟುಬುಕ್ಕು ಹಾಕಿದ್ದು ವಿಶೇಷವೇನಲ್ಲ. ಗೇಟಿಗೆ ಬಳಿದು ಉಳಿದಿದ್ದ ಬಿಳಿ ಬಣ್ಣದಿಂದ ಇಪ್ಪತ್ತು ಕಲ್ಲುಗಳಿಗೆ ನಂಬರು ಬರೆದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಲ್ಲು ಎತ್ತಿ, ಎಣಿಸಿ, ಇದ್ದ ಹಾಗೆಯೇ ಇಡುವುದು. ಹಿಡಿದ ಹುಳದ ಬೆನ್ನಿಗೆ ಬೆಂಕಿಕಡ್ಡಿಯ ತುದಿಯಿಂದ ಚುಕ್ಕಿ ಇಟ್ಟು ಅದಕ್ಕೂ ಒಂದು ನಂಬರು. ಥರ್ಮಾಮೀಟರು ಇರಲಿಲ್ಲ. ನೆಲದ ಬಿಸಿಗೆ ಬೇರೆ ಉಪಾಯ ಮಾಡಿಕೊಂಡೆ: ಬರಿಗಾಲಲ್ಲಿ ನಿಂತು ಎಷ್ಟು ಎಣಿಸುವವರೆಗೆ ತಡೆಯಬಹುದು ಎಂದು ನೋಡಿ ಆ ಅಂಕಿ ಬರೆಯುವುದು. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ನಾನು ಏಳಕ್ಕೆ ಹಾರಿದ್ದೇನೆ. ಆ ಹೊತ್ತಿನಲ್ಲಿ ನೆಲದ ಮೇಲೆ ಒಂದು ಹುಳವೂ ಇರಲಿಲ್ಲ. ಕಲ್ಲಿನಡಿ ಹನ್ನೊಂದು ಇದ್ದವು.

ಹುಳ ಹೇಗಿತ್ತೆಂದು ಹೇಳಬೇಕು. ಕಿರುಬೆರಳಿನ ಉಗುರಿಗಿಂತ ತುಸು ಉದ್ದ. ಕಪ್ಪು, ಆದರೆ ಹೊಳಪಿಲ್ಲದ ಕಪ್ಪು, ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ. ಬೆನ್ನಿನ ಮೇಲಿನ ಎರಡು ಗಟ್ಟಿ ರೆಕ್ಕೆಗಳು ಒಂದಕ್ಕೊಂದು ಬೆಸೆದು ಮುಚ್ಚಿದ ಡಬ್ಬಿಯಂತಾಗಿವೆ, ಹಾರಲಾರದು. ನಿಜವಾಗಿ ಸತ್ತದ್ದೊಂದನ್ನು ಬಿಡಿಸಿ ನೋಡಿದೆ: ಡಬ್ಬಿಯ ಕೆಳಗೆ ಮೈಗೂ ಮುಚ್ಚಳಕ್ಕೂ ನಡುವೆ ಖಾಲಿ ಜಾಗವಿತ್ತು. ಉಸಿರಿನ ತೇವ ಆ ಸಂದಿಯಲ್ಲೇ ನಿಂತು ಒಣಗಾಳಿಗೆ ಹೋಗದೆ ಉಳಿಯುತ್ತದೆ ಎಂದು ಆಮೇಲೆ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಓದಿದೆ. ತಿನ್ನುವುದು ಒಣ ಎಲೆ, ಹೊಟ್ಟು, ಸತ್ತ ಇರುವೆ, ಹಳೆಯ ಸಗಣಿ. ನೀರು ಕುಡಿಯುವುದನ್ನು ನಾನು ಒಂದು ದಿನವೂ ನೋಡಲಿಲ್ಲ. ಅದಕ್ಕೇ ಮಾರ್ಚ್ ೨ರಂದು ಹತ್ತೊಂಬತ್ತನೆಯ ನಂಬರಿನ ಹುಳವನ್ನು ಒಂದು ಗಾಜಿನ ಜಾಡಿಗೆ ಹಾಕಿ, ರಾಗಿ ಹೊಟ್ಟು ಮತ್ತು ಒಣ ಎಲೆ ಬಿಟ್ಟು ಬೇರೇನೂ ಕೊಡದೆ, ಕಿಟಕಿಯ ಮೇಲಿಟ್ಟೆ. ದಿನಾ ಬೆಳಿಗ್ಗೆ ಅದರ ಹೆಸರಿಗೆ ಒಂದು ಗೀಟು.

ಹೆಸರು ಅಂದೆ. ಎಲ್ಲ ಅನಾಹುತವೂ ಅಲ್ಲೇ ಇತ್ತು.

ಅಜ್ಜಿ, ಅಂದರೆ ಅಮ್ಮನ ತಾಯಿ, ಬೋಗಾದಿಯಲ್ಲಿದ್ದರು. ಆಗ ಅದು ಹಳ್ಳಿ, ಅವರದು ಹುರುಳಿ, ರಾಗಿ ಬೆಳೆಯುವ ಹೊಲ. ಮೇ ತಿಂಗಳಲ್ಲಿ ಮೂರು ದಿನ ಅಲ್ಲಿದ್ದಾಗ ಕಣದ ಅಂಚಿನ ಕಲ್ಲಿನಡಿಯಲ್ಲೂ ಅದೇ ಹುಳ ಸಿಕ್ಕಿತು. ಅಜ್ಜಿಗೆ ತೋರಿಸಿದೆ.

"ಅದೇನ್ ಮಗಾ, ಉಳ ಇಡ್ಕೊಂಡ್ ಕುಂತಿದ್ದೀಯ? ಬುಟ್ಬುಡು. ಕೈ ನಾತ ಒಡೀತದೆ."

"ಇದಕ್ಕೆ ಏನಂತಾರೆ ಅಜ್ಜಿ?"

"ಉಳ ಅಂತಾರೆ ಕಣವ್ವ."

"ಎಲ್ಲಾ ಹುಳಾನೂ ಹುಳಾನೇ. ಇದರ ಹೆಸರು?"

"ಎಸ್ರಾ? ಬೆಳೆ ತಿನ್ನೋ ಉಳಕ್ಕೆ ಎಸ್ರಿರ್ತದೆ, ಬಯ್ಯಾಕೆ ಬೇಕಲ್ಲ. ಇದು ಯಾರ್ ತಂಟೆಗೂ ಬರಾಕಿಲ್ಲ. ಇದ್ಕ್ಯಾರು ತೊಟ್ಲು ಕಟ್ಟಿ ಎಸ್ರಿಡ್ತಾರೆ?"

ಸೆಪ್ಟೆಂಬರಿನಲ್ಲಿ ಕಾಲೇಜಿನ ವಿಜ್ಞಾನ ಸಂಘ ಪ್ರಬಂಧ ಸ್ಪರ್ಧೆ ಇಟ್ಟಿತು. ನಿಯಮ ಒಂದೇ: ಪ್ರಬಂಧದಲ್ಲಿ ಒಂದೂ ಇಂಗ್ಲಿಷ್ ಪದ ಇರಕೂಡದು. ಆಗಸ್ಟ್ ಕೊನೆಯವರೆಗಿನ ನೂರ ತೊಂಬತ್ತೇಳು ದಿನಗಳಲ್ಲಿ ಜ್ವರದ ಆರು ದಿನ, ಬೋಗಾದಿಯ ಮೂರು ದಿನ ಬಿಟ್ಟು ಮುನ್ನೂರ ಎಪ್ಪತ್ತಾರು ಸಲ ಕಲ್ಲುಗಳನ್ನು ಎತ್ತಿದ್ದೆ. ಜಾಡಿಯ ಹತ್ತೊಂಬತ್ತನೆಯ ಹುಳ ನೀರಿಲ್ಲದೆ ನೂರ ಎಂಬತ್ತೆರಡು ದಿನ ಬದುಕಿತ್ತು. ಅದನ್ನೆಲ್ಲ ಬರೆದೆ. 'ಬೀಟಲ್' ಎನ್ನುವ ಹಾಗಿರಲಿಲ್ಲ. ನನ್ನ ಹೈಸ್ಕೂಲಿನ ಪಠ್ಯದಲ್ಲಿ ಬೀಟಲ್‌ಗೆ ಜೀರುಂಡೆ ಎಂದಿತ್ತು. ಅದನ್ನೇ ತೆಗೆದುಕೊಂಡು 'ಒಣನೆಲದ ಜೀರುಂಡೆ' ಎಂದು ತಲೆಬರಹ ಕೊಟ್ಟೆ.

ತೀರ್ಪುಗಾರರು ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು. ಅವರು ತುಂಬ ಚೊಕ್ಕಟದ ಮನುಷ್ಯ. ಬೆರಳಿಗೆ ಪುಡಿ ತಾಗದಿರಲಿ ಎಂದು ಸೀಮೆಸುಣ್ಣಕ್ಕೆ ಕಾಗದ ಸುತ್ತಿ ಹಿಡಿಯುತ್ತಿದ್ದರು. ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಜೀರುಂಡೆ ಎಂದರೆ ಅವರಿಗೆ, ಮೈಸೂರಿನ ಮುಕ್ಕಾಲು ಪಾಲು ಜನರಿಗೆ ಹೇಗೋ ಹಾಗೆ, ಮರದ ಮೇಲೆ ಕೂತು ಕಿವಿ ತೂತಾಗುವಂತೆ ಜೀರ್ ಎನ್ನುವ ಜೀವಿ.

ಸೆಪ್ಟೆಂಬರ್ ೧೩, ಶನಿವಾರ, ಮಧ್ಯಾಹ್ನ ಮೂರೂಕಾಲು. ಸಭೆಯಲ್ಲಿ ಐವತ್ತೊಂದು ಜನ. ಅವರು ನನ್ನ ಹಾಳೆ ಎತ್ತಿಕೊಂಡು ಓದಿದರು: "'ಈ ಜೀರುಂಡೆಯು ಯಾವ ಶಬ್ದವನ್ನೂ ಮಾಡುವುದಿಲ್ಲ. ಹಾರುವುದಿಲ್ಲ. ಮರ ಹತ್ತುವುದನ್ನು ನಾನು ಕಂಡಿಲ್ಲ.'" ಹಾಳೆಯ ಮೇಲಿಂದ ನನ್ನನ್ನು ನೋಡಿದರು. "ಏನಮ್ಮಾ, ನಿಮ್ಮನೆ ಜೀರುಂಡೆಗೆ ಗಂಟಲು ಕಟ್ಟಿದೆಯಾ?"

ನಗು. ನಾನು ಎದ್ದು ನಿಂತೆ. "ಸಾರ್, ಇದು ಬೇರೆ ಜೀರುಂಡೆ."

"ಬೇರೆ ಜೀರುಂಡೆ! ಮೌನವ್ರತದ್ದಾ? ಕೇಳಿ, ಕೇಳಿ: 'ನೀರಿಲ್ಲದೆ ನೂರ ಎಂಬತ್ತೆರಡು ದಿನ.' ತಪಸ್ಸಿಗೆ ಕೂತಿತ್ತು ಕಣ್ರಯ್ಯಾ!" ಆಮೇಲೆ ಬರಿಗಾಲಿನ ಅಂಕಿಗಳನ್ನೂ ಓದಿದರು, ಒಂದೊಂದಕ್ಕೂ ವೇದಿಕೆಯ ಮೇಲೆ ಕಾಲು ಎತ್ತಿ ಎತ್ತಿ ತೋರಿಸುತ್ತ.

"ಸೋಮವಾರ ಜಾಡಿ ತಂದು ತೋರಿಸ್ತೀನಿ ಸಾರ್."

ಅವರ ನಗು ಆಗ ನಿಂತಿತು. "ಯಾವುದೋ ಹುಳ ತಂದು ತೋರಿಸಿದ್ರೆ ಅಂಕಿ ನಿಜ ಆಗುತ್ತೇನಮ್ಮಾ? ಪದ ತಪ್ಪಾದ್ರೆ ಪರವಾಗಿಲ್ಲ. ಆದರೆ ಇಷ್ಟೊಂದು ಲೆಕ್ಕ! ಮನೇಲಿ ಕೂತು ಹುಟ್ಟಿಸಿದ್ದು ಇದು." ಜೇಬಿನಿಂದ ಕೆಂಪು ಶಾಯಿಯ ಪೆನ್ನು ತೆಗೆದು ನನ್ನ ಮೊದಲ ಪುಟಕ್ಕೆ ಅಡ್ಡವಾಗಿ ಒಂದು ಪದ ಬರೆದರು: ಕಲ್ಪಿತ.

ನಕ್ಕವರು ನಲವತ್ತಮೂರು ಜನ. ಬೆಂಚಿನ ಪ್ರಕಾರ ಬರೆದಿಟ್ಟಿದ್ದೇನೆ. ನಗದ ಎಂಟು ಜನರಲ್ಲಿ ಇಬ್ಬರು ನಿದ್ದೆ ಮಾಡುತ್ತಿದ್ದರು.

ಪ್ರಬಂಧ ಹೋದರೆ ಹೋಗಲಿ. ಮುಂದಿನ ವಾರದಿಂದ ನನ್ನ ಪ್ರಾಕ್ಟಿಕಲ್ ರೆಕಾರ್ಡಿಗೆ ಅವರು ಒಂದು ಹೊಸ ಕಾಲಂ ಹಾಕಿಸಿದರು: ಸಾಕ್ಷಿ. ನಾನು ಏನನ್ನು ಎಣಿಸಿದರೂ, ಜಿರಲೆಯ ಹೊಟ್ಟೆಯ ಪಟ್ಟೆಗಳಾಗಲಿ, ಎರೆಹುಳದ ಉಂಗುರಗಳಾಗಲಿ, ಪಕ್ಕದವಳು ಮತ್ತೆ ಎಣಿಸಿ ಸಹಿ ಹಾಕಬೇಕು. ತರಗತಿಯಲ್ಲಿ ಬೇರೆ ಯಾರಿಗೂ ಆ ಕಾಲಂ ಇರಲಿಲ್ಲ. ಹನ್ನೊಂದು ವರ್ಷ ಒಂದು ಅಂಕಿಯನ್ನೂ ಅಂದಾಜಿನಿಂದ ಬರೆಯದ ನನಗೆ! ಪಕ್ಕದವಳು ನನ್ನ ಗೆಳತಿ, ಹೆಬ್ಬಾಳದ ಕಡೆಯಿಂದ ಬರುತ್ತಿದ್ದವಳು. ಅವಳು ಎಣಿಸುತ್ತಲೇ ಇರಲಿಲ್ಲ. "ನೀನು ಎಣಿಸಿದ್ಮೇಲೆ ಮುಗೀತು ಕಣೇ, ಕೊಡು" ಎಂದು ಗೀಚಿಬಿಡುತ್ತಿದ್ದಳು. ಅಂದರೆ ಆ ರೆಕಾರ್ಡಿನಲ್ಲಿ ಸುಳ್ಳೆಂಬುದು ಇದ್ದರೆ ಅದು ಸಾಕ್ಷಿಯ ಕಾಲಂನಲ್ಲಿ ಮಾತ್ರ. ಜನವರಿಯವರೆಗೆ ಅಂಥ ಸಹಿಗಳು ಐವತ್ತೆಂಟು.

ಸೇಡು ತೀರಿಸಿಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದು ಸೆಪ್ಟೆಂಬರ್ ೨೨, ಮೂರನೆಯ ಸಹಿಯ ದಿನ. ಆ ಪದವನ್ನೇ ದಿನಚರಿಯಲ್ಲಿ ಬರೆದಿದ್ದೇನೆ, ಬೇರೆ ಮರ್ಯಾದಸ್ಥ ಪದ ಹುಡುಕಿಲ್ಲ. ದಸರೆಗೆ ಮನೆಗೆ ಬಂದಿದ್ದ ಅಜ್ಜಿ ಒಂದು ಸಲಹೆ ಕೊಟ್ಟರು: "ಆವಯ್ಯನ್ ಕೊಡೆ ಒಳ್ಗೆ ಒಂದ್ ಬೊಗ್ಸೆ ಉಳ ಬುಟ್ಬುಡು. ಬಿಚ್ಚಿದಾಗ ತಲೆ ಮೇಲ್ ಬೀಳ್ಲಿ." ಎರಡು ದಿನ ಯೋಚಿಸಿ ಬೇಡವೆಂದೆ. ಹುಳ ಮೈಮೇಲೆ ಬಿದ್ದವನು ಹೆದರಬಹುದು, ಆದರೆ ತಪ್ಪಿತಸ್ಥನಾಗುವುದಿಲ್ಲ. ನನಗೆ ಬೇಕಾಗಿದ್ದದ್ದು, ಅವರು ತಮ್ಮ ಕೈಯಾರೆ ಒಂದು ಸುಳ್ಳು ಲೆಕ್ಕ ಬರೆದು ಅದರ ಕೆಳಗೆ ಸಹಿ ಹಾಕುವುದು.

ಜನವರಿ ಕೊನೆಗೆ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ಇರುತ್ತಿತ್ತು. ಅಲ್ಲಿಯವರೆಗೆ ನನಗೆ ನಾಲ್ಕು ತಿಂಗಳು ಇತ್ತು, ಹುಳಗಳೂ ಇದ್ದವು. ಎಪ್ಪತ್ತೆರಡು ಪರೀಕ್ಷೆ ಮಾಡಿದೆ. ಬಿಸಿಲು ಕಾದ ಹುಳ ಬೇಗ ಏಳುತ್ತದೆ, ಒಂದೊಂದು ನಲವತ್ತು ಸೆಕೆಂಡಿಗೇ. ತಣ್ಣನೆಯ ನೆಲದ ಮೇಲಿದ್ದದ್ದು ಹತ್ತು, ಹನ್ನೊಂದು ನಿಮಿಷ ಸತ್ತಿರುತ್ತದೆ. ಸತ್ತಾಗ ಮತ್ತೊಮ್ಮೆ ಮುಟ್ಟಿದರೆ ಇನ್ನೂ ಎರಡು ಮೂರು ನಿಮಿಷ ಹೆಚ್ಚು. ದಿನಾ ಮುಟ್ಟಿದರೆ ಅಭ್ಯಾಸವಾಗಿ ನಾಟಕ ಬಿಟ್ಟುಬಿಡುತ್ತದೆ, ಆದ್ದರಿಂದ ಪರೀಕ್ಷೆಯಾದ ಹುಳಕ್ಕೆ ಒಂದು ವಾರ ರಜೆ.

ಇನ್ನೊಂದು ವಿಷಯವನ್ನು ನನ್ನ ಮೇಲೆಯೇ ಪರೀಕ್ಷಿಸಿದೆ. ಹುಳವನ್ನು ಒತ್ತಿ ಹಿಡಿದರೆ ಹಿಂಭಾಗದಿಂದ ಒಂದು ರಸ ಬಿಡುತ್ತದೆ, ಅಜ್ಜಿ ನಾತ ಎಂದದ್ದು ಅದೇ. ಮೂಗಿಗೆ ಖಾರವಾಗಿ ಹತ್ತುತ್ತದೆ. ನಾತ ಅರ್ಧ ದಿನಕ್ಕೆ ಹೋಗುತ್ತದೆ, ಕಲೆ ಹೋಗುವುದಿಲ್ಲ. ಎಡಗೈ ಕಿರುಬೆರಳು ಕಂದುನೇರಳೆಯಾಯಿತು. ಸೋಪು, ಸೀಗೆಕಾಯಿ, ನಿಂಬೆಹಣ್ಣು, ಬೂದಿ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಒಂಬತ್ತನೆಯ ದಿನ ತಾನಾಗಿ ಮಾಸಿತು. ಈ ಅಂಕಿಯ ಕೆಳಗೆ ಎರಡು ಗೀಟು ಎಳೆದಿದ್ದೇನೆ.

೧೯೫೯ರ ಜನವರಿ ೩೧, ಶನಿವಾರ. ಚಳಿ ಚೆನ್ನಾಗಿತ್ತು. ಬಿಳಿ ಎನಾಮಲ್ ಬೇಸಿನ್ನಿನಲ್ಲಿ ಹನ್ನೆರಡು ಹುಳ. ಅದರ ನುಣುಪು ಗೋಡೆ ಅವಕ್ಕೆ ಹತ್ತಲಾಗುವುದಿಲ್ಲ. ಹನ್ನೊಂದನ್ನು ಕಲ್ಲಿನಡಿಯಿಂದ ತಂದಿದ್ದೆ. ಹನ್ನೆರಡನೆಯದು ಜಾಡಿಯ ಹತ್ತೊಂಬತ್ತು. ಅದನ್ನು ಸೇರಿಸುವ ಅಗತ್ಯವೇ ಇರಲಿಲ್ಲ, ಅದಕ್ಕೆ ಆ ದಿನಕ್ಕೆ ನೀರಿಲ್ಲದೆ ಮುನ್ನೂರ ಮೂವತ್ತೈದು ದಿನ. ಆದರೆ ತಪಸ್ಸು ಎಂದು ನಗಿಸಿದ್ದು ಅದರ ಹೆಸರಿನಲ್ಲಿ. ಅದು ಎದ್ದು ನಿಲ್ಲುವುದನ್ನು ಅವರು ನೋಡಬೇಕಿತ್ತು.

ಬೇಸಿನ್ನಿನ ಪಕ್ಕದಲ್ಲಿ ಒಂದು ಫಲಕ: 'ಇವುಗಳಲ್ಲಿ ಸತ್ತವು ಎಷ್ಟು? ಮುಟ್ಟಿ ನೋಡಬಹುದು. ಸಂಖ್ಯೆ ಬರೆದು ಸಹಿ ಮಾಡಿ.' ಅದರ ಮುಂದೆ ಗೀಟು ಹಾಕಿದ ನೋಟುಬುಕ್ಕು. ಸರಿಯುತ್ತರ ಅಂಟಿಸಿದ ಲಕೋಟೆಯಲ್ಲಿ: ಸೊನ್ನೆ. ನನ್ನ ಮೇಜು ಮೂರನೆಯದು. ಮೇಷ್ಟ್ರು ಎರಡನೆಯ ಮೇಜಿಗೆ ಬಂದಾಗ ಬೇಸಿನ್ನನ್ನು ಮೂರು ಸಲ ಮೇಜಿಗೆ ಕುಟ್ಟಿದೆ. ಹನ್ನೆರಡೂ ಸತ್ತವು.

"ಓಹೋ, ಮೂಕ ಜೀರುಂಡೆಯ ಯಜಮಾನಿ!" ಎಂದರು. ಹಿಂದೆ ಇದ್ದ ಗುಂಪು ನಕ್ಕಿತು. ಫಲಕ ಓದಿ, ಒಂದನ್ನು ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದರು. ಅವರು ಬಲ್ಲ ಹುಳಗಳೆಲ್ಲ ಗುಂಡುಸೂಜಿ ಚುಚ್ಚಿದವು. "ನೋಡಿ, ಹೇಗೆ ಸೆಟೆದಿದೆ. ಸತ್ತು ಎರಡು ದಿನವಾದ್ರೂ ಆಗಿರಬೇಕು. ಪರೀಕ್ಷೆ ಮಾಡದೆ ಬರೆಯಬಾರದು, ಗೊತ್ತಾಯ್ತಾ?" ಎಂದು ಉಳಿದವನ್ನೂ ಒಂದೊಂದಾಗಿ ಒತ್ತಿ ನೋಡಿದರು. ನಾನು ಗಡಿಯಾರ ನೋಡುತ್ತಿದ್ದೆ. ಹತ್ತು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಬರೆದರು: ಸತ್ತವು, ಹನ್ನೆರಡು. ಕೆಳಗೆ ಪೂರ್ತಿ ಸಹಿ.

"ವಂದನೆ ಸಾರ್" ಎಂದೆ.

ಹತ್ತು ಇಪ್ಪತ್ತೇಳಕ್ಕೆ ಮೊದಲ ಮೀಸೆ ಅಲ್ಲಾಡಿತು. ಅವರು ಆಗ ಐದನೆಯ ಮೇಜಿನಲ್ಲಿದ್ದರು. ಗೆಳತಿಗೆ ತಡೆಯಲಾಗಲಿಲ್ಲ. "ಸಾರ್! ಸಾರ್! ನೀವು ಸತ್ರು ಅಂತ ಬರೆದೋರೆಲ್ಲ ಎದ್ದು ಓಡಾಡ್ತವ್ರೆ!" ಎಂದು ಹಾಲ್ ಪೂರ್ತಿ ಕೇಳುವಂತೆ ಕೂಗಿದಳು. ಜನ ನುಗ್ಗಿದರು. ಅವರೂ ಬಂದರು. ಬೇಸಿನ್ನಿನಲ್ಲಿ ನಾಲ್ಕು, ಆರು, ಒಂಬತ್ತು ಹುಳಗಳು ಗೋಡೆಗೆ ಮುಂಗಾಲಿಟ್ಟು ಜಾರಿ ಜಾರಿ ಬೀಳುತ್ತಿದ್ದವು. ಹಿಂದಿನಿಂದ ಯಾರೋ ಅವರ ಬೆರಳು ನೋಡಿದರು. "ಬೆರಳಿಗೆ ಶಾಯಿ ಬಿದ್ದಿದೆ, ಯಾರಿಗೆ ಓಟ್ ಹಾಕಿದ್ರಿ ಸಾರ್?"

ಮೂರು ಬೆರಳೂ ಕಂದುನೇರಳೆ. ಅವರು ಕೈಯನ್ನು ಕೋಟಿನ ಜೇಬಿಗಿಟ್ಟರು. ನಾನು ಇದಕ್ಕೆಂದೇ ತಂದಿದ್ದ ಕೆಂಪು ಪೆನ್ನು ತೆಗೆದು, ಎಲ್ಲರೂ ನೋಡುತ್ತಿರುವಾಗ, ಅವರ ಸಹಿಯ ಪಕ್ಕದಲ್ಲಿ ಬರೆದೆ: ಕಲ್ಪಿತ. ಆ ದಿನ ನಕ್ಕವರು ಇಪ್ಪತ್ತೊಂಬತ್ತು. ನನ್ನ ನಲವತ್ತಮೂರಕ್ಕೆ ಇನ್ನೂ ಹದಿನಾಲ್ಕು ಕಡಿಮೆ.

ಹತ್ತು ಮೂವತ್ತೈದಕ್ಕೆ ಹನ್ನೊಂದು ಎದ್ದಿದ್ದವು. ಹನ್ನೊಂದು ಗಂಟೆಗೂ ಹನ್ನೊಂದೇ. ಹನ್ನೊಂದೂವರೆಗೆ ಗೆಳತಿ ಮತ್ತು ನಾನು ಬಿಟ್ಟರೆ ಮೇಜಿನ ಹತ್ತಿರ ಯಾರೂ ಇರಲಿಲ್ಲ. ನಂಬರು ಹತ್ತೊಂಬತ್ತು ಮಾತ್ರ ಕಾಲು ಮಡಚಿಕೊಂಡೇ ಇತ್ತು. ಕಡ್ಡಿಯಿಂದ ಮುಟ್ಟಿದೆ. ಬಿಸಿಲಿಗಿಟ್ಟೆ. ಕಾಲುಗಳು ಸಡಿಲವಾಗಿ ಹರಡಿಕೊಂಡವು, ನಾಟಕವಾಡುವ ಹುಳದ ಕಾಲು ಎಂದೂ ಹಾಗೆ ಹರಡುವುದಿಲ್ಲ.

"ಲಕೋಟೇಲಿ ಸೊನ್ನೆ ಅಂತ ಬರೆದಿದ್ದೀಯಲ್ಲೇ" ಎಂದಳು ಗೆಳತಿ. "ಇದನ್ನ ಎತ್ತಿ ಬಿಸಾಕ್ಬುಡು. ಹನ್ನೊಂದೇ ಇದ್ದವು ಅಂದ್ರಾಯ್ತು. ಯಾರು ನೋಡ್ತಾರೆ?"

"ನಾನು ನೋಡ್ತಿದ್ದೀನಲ್ಲ."

ನೋಟುಬುಕ್ಕಿನಲ್ಲಿ, ಅವರ ಸಹಿಯ ಕೆಳಗೆ, ಬರೆದೆ: 'ಸತ್ತದ್ದು ಒಂದು, ನಂಬರು ೧೯. ಮೇಷ್ಟ್ರ ತಪ್ಪು ಹನ್ನೊಂದು. ನನ್ನ ತಪ್ಪು ಒಂದು.' ಸಹಿ ಮಾಡಿ, ಆ ಹಾಳೆ ಹರಿದು ನೋಟಿಸ್ ಬೋರ್ಡಿಗೆ ಚುಚ್ಚಿದೆ. ಇದರಲ್ಲಿ ದೊಡ್ಡತನವೇನಿಲ್ಲ. ನನ್ನ ಒಂದನ್ನು ಬರೆದರೆ ಮಾತ್ರ ಅವರ ಹನ್ನೊಂದನ್ನು ಯಾರೂ ಅಲ್ಲಗಳೆಯಲಾರರು ಎಂದು ನನಗೆ ಗೊತ್ತಿತ್ತು. ಹತ್ತೊಂಬತ್ತನ್ನು ಬೆಂಕಿಪೊಟ್ಟಣದಲ್ಲಿಟ್ಟು ಮನೆಗೆ ತಂದೆ. ಅಂದು ಅದು ಜಾಡಿಯಲ್ಲೇ ಇದ್ದಿದ್ದರೆ ಎಷ್ಟು ದಿನ ಬದುಕುತ್ತಿತ್ತೆಂಬ ಅಂಕಿ ನನ್ನ ಬಳಿ ಇಲ್ಲ. ಆ ಗೀಟುಗಳ ಸಾಲು ಹಾಗೇ ಕಡಿದುಹೋಯಿತು, ಕಡಿದವಳು ನಾನು.

ಸೋಮವಾರ ಪ್ರಾಕ್ಟಿಕಲ್‌ನಲ್ಲಿ ಮೇಷ್ಟ್ರು ನನ್ನ ರೆಕಾರ್ಡು ತೆರೆದು ಸಾಕ್ಷಿಯ ಕಾಲಂಗೆ ಮೇಲಿನಿಂದ ಕೆಳಗೆ ಗೀಟು ಎಳೆದರು. ಎಡಗೈಯಿಂದ ಎಳೆದರು, ಬಲಗೈ ಜೇಬಿನಲ್ಲಿತ್ತು. ನಾನು ಪ್ರಬಂಧದ ಮೊದಲ ಪುಟವನ್ನೂ ಮುಂದಿಟ್ಟೆ.

"ಇದನ್ನೂ ಹೊಡೆದುಹಾಕಿ ಸಾರ್."

ಅವರು ಪೆನ್ನು ಕೆಳಗಿಟ್ಟರು. "ಲೆಕ್ಕ ನಿಜ ಇರಬಹುದು" ಎಂದರು. "ಆದ್ರೆ ಅದು ಜೀರುಂಡೆ ಅಲ್ಲಮ್ಮಾ. ಅಲ್ಲವೇ ಅಲ್ಲ. ನೀನು ಇಟ್ಟ ಹೆಸರು ಕಲ್ಪಿತವೇ. ಸರಿಯಾದ ಕನ್ನಡದ ಹೆಸರು ತಗೊಂಡ್ಬಾ, ಆಮೇಲೆ ಹೊಡೀತೀನಿ."

ಆ ಹೆಸರು ಆಗ ನನ್ನ ಬಳಿ ಇರಲಿಲ್ಲ. ಈಗಲೂ ಇಲ್ಲ. ಇದನ್ನು ಬರೆಯುತ್ತಿರುವುದು ೧೯೬೨ರ ಮೇ ತಿಂಗಳಲ್ಲಿ. ನಾನೀಗ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಆ ಖಾಲಿ ನಿವೇಶನದಲ್ಲಿ ಮನೆ ಎದ್ದಿದೆ, ನನ್ನ ಏಳನೆಯ ನಂಬರಿನ ಕಲ್ಲು ಅದರ ಮೆಟ್ಟಿಲಾಗಿದೆ. ಮೂರು ವರ್ಷದಿಂದ ಸಿಕ್ಕಸಿಕ್ಕವರನ್ನು ಆ ಹುಳದ ಹೆಸರು ಕೇಳಿದ್ದೇನೆ. ಹದಿನಾಲ್ಕು ಹೆಸರು ಸಿಕ್ಕಿವೆ, ಹದಿನಾಲ್ಕೂ ಒಬ್ಬೊಬ್ಬರೇ ಹೇಳಿದವು. ಅವುಗಳಲ್ಲಿ ಕೆಲವನ್ನು ನನ್ನ ಮುಂದೆ, ನನ್ನನ್ನು ಸಾಗಹಾಕಲು, ಆಗಲೇ ಹುಟ್ಟಿಸಿದರೆಂದು ನನಗೆ ಅನುಮಾನ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರ ಬಾಯಿಂದ ಒಂದೇ ಹೆಸರು ಬರುವವರೆಗೆ ನಾನು ಯಾವುದನ್ನೂ ಒಪ್ಪುವುದಿಲ್ಲ.

ಆದ್ದರಿಂದ ಓದುವವರಲ್ಲಿ ಕೇಳುತ್ತೇನೆ. ನಿಮ್ಮ ಕಡೆ ಕಣದ ಕಲ್ಲಿನಡಿ, ಗೋಡೆಯ ಬುಡದಲ್ಲಿ, ಒಣ ಎಲೆಯ ಕೆಳಗೆ, ಹೊಳಪಿಲ್ಲದ, ಹಾರದ, ಮುಟ್ಟಿದರೆ ಸಾಯುವ ಈ ಕಪ್ಪು ಹುಳವಿದ್ದು, ಅದಕ್ಕೆ ನಿಮ್ಮ ಮನೆಯ ಹಿರಿಯರು ಇಟ್ಟ ಹೆಸರಿದ್ದರೆ, ಪ್ರಕಾಶಕರ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಊರು, ದಿನ, ಹೊತ್ತು, ಎಷ್ಟು ನಿಮಿಷ ಸತ್ತಿತ್ತೆಂಬುದನ್ನೂ ಬರೆಯಿರಿ. ಅಂದಾಜು ಬೇಡ, ಗಡಿಯಾರ ನೋಡಿ. ಜೀರುಂಡೆ ಎಂದು ಮಾತ್ರ ಬರೆಯಬೇಡಿ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಗಿದೆ. ಅವರ ವಿಳಾಸ ನನ್ನಲ್ಲಿದೆ, ಪ್ರಬಂಧದ ಮೊದಲ ಪುಟವೂ ಇದೆ, ಕೆಂಪು ಪದದ ಪಕ್ಕದಲ್ಲಿ ಒಂದು ಹೆಸರು ಹಿಡಿಯುವಷ್ಟು ಜಾಗವೂ ಇದೆ.